ಕರಾವಿನ ಹೊತ್ತು

ಡಾಕ್ಟರ್ ಮಾರ್ನಿಕ್ಸ್ ಹೌಬೆನ್‌ಗೆ ತನ್ನವರೆಂದು ಹೇಳಿಕೊಳ್ಳಲು ಒಬ್ಬ ರೋಗಿಯೂ ಇರಲಿಲ್ಲ. ಅದು ಅವನು ಬೇಕೆಂದೇ ಮಾಡಿಕೊಂಡ ಏರ್ಪಾಡು. ದೇಶದ ಉತ್ತರ ತುದಿಯ ಫ್ರೀಸ್‌ಲ್ಯಾಂಡ್ ಪ್ರಾಂತ್ಯದ ಹಳ್ಳಿಗಳ ಮನೆವೈದ್ಯರು ಶುಕ್ರವಾರ ಸಂಜೆ ಬಾಗಿಲು ಹಾಕಿದ ಮೇಲೆ ಅವರ ರೋಗಿಗಳ ಕರೆಗಳೆಲ್ಲ ಪಟ್ಟಣದ ಸರದಿ ಕೇಂದ್ರಕ್ಕೆ ಬರುತ್ತಿದ್ದವು. ಮಾರ್ನಿಕ್ಸ್ ದುಡಿಯುತ್ತಿದ್ದುದು ಅಲ್ಲಿ, ವಾರದ ಕೊನೆಯ ಮತ್ತು ಹಬ್ಬದ ಪಾಳಿಗಳಲ್ಲಿ ಮಾತ್ರ. ಮಗುವಿನ ಕಿವಿನೋವು, ಕಣ್ಣಿಗೆ ಸಿಡಿದ ಕಬ್ಬಿಣದ ಚೂರು, ಮುದುಕಿಯ ಎದೆನೋವು. ಬಂದವರನ್ನು ನೋಡುವುದು, ನೋಡಿದ್ದನ್ನು ಬರೆದು ಅವರವರ ವೈದ್ಯರಿಗೆ ಕಳಿಸುವುದು, ಮನೆಗೆ ಹೋಗುವುದು. ಒಮ್ಮೆ ನೋಡಿದವರನ್ನು ಮತ್ತೆ ನೋಡುವ ಪ್ರಸಂಗ ಬರುವುದು ಕಡಿಮೆ. ಆಮೇಲೆ ಅವರಿಗೇನಾಯಿತು ಎಂಬುದು ಅವನಿಗೆ ಗೊತ್ತಾಗುತ್ತಿರಲಿಲ್ಲ. ಹೊಸದರಲ್ಲಿ ಇದು ಅವನನ್ನು ಕೊರೆಯುತ್ತಿತ್ತು. ಈಗೀಗ ಕೊರೆಯುವುದು ನಿಂತಿದೆ ಎಂದುಕೊಂಡಿದ್ದ.

ಆ ದಿನ ಕ್ರೈಸ್ತರ ಪಿಂಕ್‌ಸ್ಟರ್ ಹಬ್ಬದ ಭಾನುವಾರ. ಸೋಮವಾರವೂ ರಜೆ, ಹಳ್ಳಿಯ ವೈದ್ಯರು ಮತ್ತೆ ಸಿಗುವುದು ಮಂಗಳವಾರ. ಮಧ್ಯಾಹ್ನದ ಊಟ ಮುಗಿದ ಮೇಲೆ ಫೋನುಗಳು ಬಿಡುವಿಲ್ಲದೆ ಬಡಿದುಕೊಳ್ಳತೊಡಗಿದವು. ಫೋನು ಎತ್ತಿ, ಕೇಳಬೇಕಾದ್ದನ್ನು ಕೇಳಿ, ಎಷ್ಟು ಅವಸರದ್ದೆಂದು ವಿಂಗಡಿಸುವವಳು ಬೌಕ್ಯೆ ಎಂಬ ನರ್ಸು. ಇದೇ ಸೀಮೆಯವಳು, ಸಮುದ್ರದ ಒಡ್ಡಿನ ಪಕ್ಕದ ಹಳ್ಳಿಯಲ್ಲಿ ಹುಟ್ಟಿ ಬೆಳೆದವಳು. ಅವಳು ಕೊಡುವ ಪ್ರತಿ ಸಲಹೆಗೂ ಮಾರ್ನಿಕ್ಸ್ ಒಪ್ಪಿಗೆ ಹಾಕಬೇಕು.

"ಇದೊಂದನ್ನ ನೋಡಿ ಡಾಕ್ಟರ್," ಅಂದಳು ಬೌಕ್ಯೆ, ಕಿವಿಯ ಫೋನನ್ನು ಕತ್ತಿಗೆ ಇಳಿಸಿಕೊಂಡು. "ವೀಬ್ರೆನ್ ಹೂಕೆಮಾ ಅಂತ. ಹೈನಿನ ರೈತ, ಎಪ್ಪತ್ತರ ಹತ್ತಿರ. ಎಡಗಡೆ ಪಕ್ಕೆಯಿಂದ ತೊಡೆಸಂದಿಗೆ ನೋವು, ಒಂದ್ಸಲ ವಾಂತಿ. ಜ್ವರ ಇಲ್ಲ. ಹೆಂಡ್ತಿ ಫೋನ್ ಮಾಡಿದ್ರು. ನಾನು ಮಾತ್ರೆ ಹೇಳಿ, ಮಂಗಳವಾರ ಅವರ ಡಾಕ್ಟ್ರನ್ನೇ ನೋಡಿ ಅಂತ ಹೇಳೋಣ ಅಂತಿದೀನಿ."

"ನೋವು ಎಷ್ಟಂತೆ?"

"ನಾಲ್ಕು."

"ಹತ್ತಕ್ಕೆ ನಾಲ್ಕಾ?"

"ಇಲ್ಲಿ ಎಲ್ರಿಗೂ ನಾಲ್ಕೇ ಡಾಕ್ಟರ್. ನಮ್ಮಮ್ಮಂಗೆ ಹೆರಿಗೆ ನೋವೂ ನಾಲ್ಕೇ ಇತ್ತಂತೆ. ನಿಮ್ಮ ಲಿಂಬರ್ಗ್‌ನವರ ಥರ ನೆಗಡಿಗೆಲ್ಲ ಬ್ಯಾಂಡ್‌ಸೆಟ್ ಕರೆಸೋ ಜನ ಅಲ್ಲ ನಾವು."

ಮಾರ್ನಿಕ್ಸ್ ನಕ್ಕ. ದಕ್ಷಿಣದ ಲಿಂಬರ್ಗಿನವನಾದ ಅವನಿಗೆ ಈ ಚುಚ್ಚುಮಾತು ಅಭ್ಯಾಸವಾಗಿತ್ತು. ಅವನ ಅಜ್ಜಿ ಬೆರಳು ಕುಯ್ದುಕೊಂಡರೆ ನೋವಿಗೆ ಒಂಬತ್ತು ಕೊಡುತ್ತಿದ್ದಳು, ಬೀದಿಯವರೆಲ್ಲ ಬಂದು ನೋಡಿದ ಮೇಲಷ್ಟೇ ಅದು ಏಳಕ್ಕೆ ಇಳಿಯುತ್ತಿತ್ತು. ಈ ಉತ್ತರದ ಸೀಮೆಯಲ್ಲಿ ಐದು ದಾಟಿದವರನ್ನು ಅವನು ಕಂಡಿರಲಿಲ್ಲ.

ರೋಗಿಯ ಮಾಹಿತಿಯನ್ನು ಪರದೆಯ ಮೇಲೆ ತೆರೆದ. ಮನೆವೈದ್ಯರು ಡಾ. ಹಿಲ್ಕಾ ವಿಯಾರ್ದಾ. ರಕ್ತದೊತ್ತಡಕ್ಕೆ ಮಾತ್ರೆ. ಹಿಂದೊಮ್ಮೆ ಮೂತ್ರಪಿಂಡದಲ್ಲಿ ಕಲ್ಲು. ಹೋದ ಚಳಿಗಾಲದಲ್ಲಿ ಒಂದೇ ಒಂದು ಭೇಟಿ. ಅದರ ಎದುರಿಗೆ ಎರಡೇ ಪದ: 'ಬೆನ್ನು. ರೈತ.' ಬರೆದವರಿಗೆ ಆ ಎರಡು ಪದಗಳಲ್ಲಿ ಎಲ್ಲವೂ ಇದ್ದಿರಬೇಕು. ಓದಿದವನಿಗೆ ಏನೂ ಸಿಗಲಿಲ್ಲ.

ಕಲ್ಲು ಬಂದವರಿಗೆ ಮತ್ತೆ ಕಲ್ಲು ಬರುವುದು ಸಹಜವೇ. ಆದರೂ ಒಪ್ಪಿಗೆ ಹಾಕುವ ಮೊದಲು ತಾನೇ ಒಮ್ಮೆ ಮಾತಾಡಿಬಿಡೋಣ ಎಂದು ಮಾರ್ನಿಕ್ಸ್ ಫೋನು ಮಾಡಿದ.

"ಅಯ್ಯೋ, ಡಾಕ್ಟ್ರೇ ಮಾಡುದ್ರಾ," ಅಂದಳು ಗೇಸ್ಕೆ, ವೀಬ್ರೆನ್‌ನ ಹೆಂಡತಿ. "ಹಬ್ಬದ ದಿನ ನಿಮ್ಗೆ ತೊಂದ್ರೆ ಕೊಟ್ಟೆ. ಮಂಗಳವಾರದ ತಂಕ ತಡೀಬೋದು ಅಂತ ಇವ್ರೂ ಅಂತಾವ್ರೆ."

"ತೊಂದ್ರೆ ಏನಿಲ್ಲ. ಅವರ ಕೈಗೆ ಕೊಡ್ತೀರಾ?"

ಕುರ್ಚಿ ಕಿರುಗುಟ್ಟಿತು. ಅದರ ಹಿಂದೆ, ಸ್ವಲ್ಪ ದೂರದಿಂದ, ಯಾವುದೋ ಯಂತ್ರದ ಸದ್ದು ಒಂದೇ ತಾಳದಲ್ಲಿ ಬರುತ್ತಿತ್ತು: ಚುಕ್, ಪುಸ್, ಚುಕ್, ಪುಸ್.

"ಯೋಳಿ ಡಾಕ್ಟ್ರೇ," ಅಂತು ತಗ್ಗಿದ ದನಿ.

"ನೋವು ಹೇಗಿದೆ ಹೂಕೆಮಾ ಅವರೇ?"

"ಅಂಥಾದ್ದೇನಿಲ್ಲ ಬುಡಿ. ವಸಿ ಹಿಡ್ಕಂಡದೆ ಅಷ್ಟೆ."

"ಸೊನ್ನೆಯಿಂದ ಹತ್ತರೊಳಗೆ?"

ಹಿಂದೆ ಯಂತ್ರ ಚುಕ್, ಪುಸ್ ಎನ್ನುತ್ತಲೇ ಇತ್ತು. "ನಾಕು ಅಂತ ಆಗ್ಲೇ ಯೋಳಿದ್ನಲ್ಲ ಆ ಮಗೀಗೆ."

"ಮೊದಲು ಕಲ್ಲು ಬಂದಿತ್ತಲ್ಲ, ಹಾಗೇ ಇದೆಯಾ?"

"ಇರ್ಬೋದು. ಅದ್ನ ಯಾರು ಗ್ಯಾಪ್ಕ ಇಟ್ಕಂಡವ್ರೆ."

ಮಾರ್ನಿಕ್ಸ್ ಮಾತ್ರೆ ಹೇಳಿದ, ನೀರು ಕುಡಿಯಲು ಹೇಳಿದ, ಜಾಸ್ತಿಯಾದರೆ ಮತ್ತೆ ಫೋನು ಮಾಡಿ ಅಂದ. ಮುದುಕ "ಆಗ್ಲಿ, ಉಪಕಾರ ಆಯ್ತು" ಅಂದ. ಮಾತು ಮುಗಿಯಿತು.

ಒಪ್ಪಿಗೆಯ ಗುಂಡಿ ಒತ್ತಲು ಮಾತ್ರ ಅವನ ಬೆರಳು ಮುಂದೆ ಹೋಗಲಿಲ್ಲ. ಜಾಸ್ತಿಯಾದರೆ ಮತ್ತೆ ಫೋನು ಮಾಡಿ ಎಂದು ತಾನು ಹೇಳಿದ್ದೇನೋ ನಿಜ. ಆದರೆ ಇವರು ಮಾಡುವವರಲ್ಲ. ಡಾಕ್ಟರೇ ಮಂಗಳವಾರ ಅಂದಮೇಲೆ ಮಂಗಳವಾರವೇ. ಅಲ್ಲಿಗೆ, ಈಗ ತಾನು ಏನು ತೀರ್ಮಾನ ಮಾಡುತ್ತೇನೋ ಅದೇ ಕೊನೆಯದು.

ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯ ಅವನಿಗೆ ನೆನಪಾಯಿತು. ದಪ್ಪ ಅಳೆಯುವ ವರ್ನಿಯರ್ ಕ್ಯಾಲಿಪರ್ಸ್ ಕೈಗೆ ಕೊಟ್ಟ ಕೂಡಲೇ ಅಳೆಯಲು ಬಿಡುತ್ತಿರಲಿಲ್ಲ. ದವಡೆ ಮುಚ್ಚಿ, ಸೊನ್ನೆ ಎಲ್ಲಿ ನಿಂತಿದೆ ನೋಡಬೇಕು. ಸೊನ್ನೆ ತಪ್ಪಿದ್ದರೂ ಚಿಂತೆಯಿಲ್ಲ, ಎಷ್ಟು ತಪ್ಪಿದೆ ಎಂದು ತಿಳಿದಿದ್ದರೆ ಅಳತೆ ಸರಿಯಾಗಿಯೇ ಸಿಗುತ್ತದೆ. ಈ ಮುದುಕನ ಸೊನ್ನೆ ಎಲ್ಲಿದೆ? ಅದು ಪರದೆಯ ಮೇಲೆ ಇರಲಿಲ್ಲ. ಅದನ್ನು ತಿಳಿದವರು ಇಡೀ ಪ್ರಾಂತ್ಯದಲ್ಲಿ ಬಹುಶಃ ಒಬ್ಬರೇ ಇದ್ದರು, ಅವರಿಗೆ ಇವತ್ತು ರಜೆ.

ಸುಮ್ಮನೆ ಹೋಗಿ ನೋಡಿಬರುವ ಹಾಗೂ ಇರಲಿಲ್ಲ. ಕೇಂದ್ರಕ್ಕೆ ಇರುವುದು ಒಂದೇ ಕಾರು. ಹೂಕೆಮಾ ಅವರ ತೋಟದ ಮನೆ ಒಡ್ಡಿನ ಅಂಚಿಗೆ, ಅಲ್ಲಿಗೆ ಹೋದರೆ ಕಾರು ಬಹಳ ಹೊತ್ತು ಬೇರೆ ಯಾರಿಗೂ ಸಿಗುವುದಿಲ್ಲ. ವೃದ್ಧಾಶ್ರಮದಲ್ಲಿ ಬಿದ್ದ ಹೆಂಗಸೊಬ್ಬಳು ಕಾಯುತ್ತಿದ್ದಳು. ಸುಡುವ ಜ್ವರದ ಕೂಸೊಂದು ಕಾಯುತ್ತಿತ್ತು.

"ಡಾಕ್ಟರ್ ವಿಯಾರ್ದಾ ನಂಬರ್ ಕೊಡು."

ಬೌಕ್ಯೆ ತಿರುಗಿ ಕೂತಳು. "ಬೇಡ ಡಾಕ್ಟರ್."

"ಒಂದೇ ಪ್ರಶ್ನೆ ಕೇಳ್ತೀನಿ."

"ಎಲ್ರದೂ ಒಂದೇ ಪ್ರಶ್ನೆ ಇರುತ್ತೆ. ಅದಕ್ಕೇ ಅಲ್ವಾ ಈ ಕೇಂದ್ರ ಮಾಡಿದ್ದು?"

ಅವಳ ಮಾತು ತಪ್ಪಲ್ಲ. ಒಂದು ಕಾಲದಲ್ಲಿ ಇಲ್ಲಿನ ಹಳ್ಳಿಯ ವೈದ್ಯರಿಗೆ ಭಾನುವಾರ ಎಂಬುದೇ ಇರಲಿಲ್ಲ. ಮಕ್ಕಳ ಹುಟ್ಟುಹಬ್ಬದಲ್ಲೂ ಫೋನು ಬಡಿದುಕೊಳ್ಳುತ್ತಿತ್ತು. ದಾಂಪತ್ಯಗಳು ಮುರಿದವು, ಕೆಲವರು ಕುಡಿತಕ್ಕೆ ಬಿದ್ದರು. ಆಗ ವೈದ್ಯರೆಲ್ಲ ಸೇರಿ ಈ ಸರದಿಯನ್ನು ಕಟ್ಟಿದರು. ರಜೆಯಲ್ಲಿರುವವರನ್ನು ಕರೆಯಬಾರದೆಂದು ಎಲ್ಲೂ ಬರೆದಿಡಲಿಲ್ಲ, ಆದರೆ ಕರೆದವರೂ ಇರಲಿಲ್ಲ. ಕೇಂದ್ರಕ್ಕಾಗಿ ಎಲ್ಲರಿಗಿಂತ ಜೋರಾಗಿ ಹೋರಾಡಿದವರು ಇದೇ ಹಿಲ್ಕಾ ವಿಯಾರ್ದಾ. ಅಲ್ಲಿ ಗೇಸ್ಕೆ ಡಾಕ್ಟರ ಹಬ್ಬ ಕೆಡಬಾರದೆಂದು ನೋವನ್ನು ಚಿಕ್ಕದು ಮಾಡಿ ಹೇಳುತ್ತಿದ್ದಳು. ಇಲ್ಲಿ ಡಾಕ್ಟರು ಇನ್ನೊಬ್ಬ ಡಾಕ್ಟರ ಹಬ್ಬ ಕೆಡಬಾರದೆಂದು ಸುಮ್ಮನಿರಬೇಕಿತ್ತು. ಎಲ್ಲರ ಸಭ್ಯತೆಯೂ ಸೇರಿ ಆ ಮುದುಕನನ್ನು ಮಂಗಳವಾರಕ್ಕೆ ತಳ್ಳುತ್ತಿದೆ ಎನ್ನಿಸಿತು ಮಾರ್ನಿಕ್ಸ್‌ಗೆ.

"ಬೈಸಿಕೊಳ್ಳೋನು ನಾನು ತಾನೆ? ಕೊಡು," ಅಂದ.

ಫೋನು ಬಹಳ ಹೊತ್ತು ಬಡಿದುಕೊಂಡ ಮೇಲೆ ಹಿಲ್ಕಾ ಎತ್ತಿಕೊಂಡರು. ಹಿಂದೆ ಜನರ ಗದ್ದಲ, ಚಪ್ಪಾಳೆ. ಹಬ್ಬದ ಕೈಚೆಂಡಿನ ಪಂದ್ಯ ನಡೆಯುತ್ತಿದ್ದಿರಬೇಕು.

"ಯಾರು? ಸರದಿ ಕೇಂದ್ರನಾ?" ಅಂದರು ಹಿಲ್ಕಾ. "ಈ ಭಾನುವಾರಕ್ಕೋಸ್ಕರ ನಾನು ಎಷ್ಟು ವರ್ಷ ಜಗಳ ಆಡಿದೀನಿ ಗೊತ್ತೇನಪ್ಪಾ ನಿಂಗೆ? ಬಾಯಲ್ಲಿ ಕೇಕ್ ಇದೆ. ಬೇಗ ಹೇಳು."

"ವೀಬ್ರೆನ್ ಹೂಕೆಮಾ. ಪಕ್ಕೆನೋವು. ನಾಲ್ಕು ಅಂತಾರೆ. ಅವರ ನಾಲ್ಕಿಗೆ ಅರ್ಥ ಏನು ಅಂತ ಕೇಳೋಣ ಅಂತ ಮಾಡಿದೆ."

ಗದ್ದಲ ದೂರವಾಯಿತು. ಅವರು ಎದ್ದು ಆಚೆಗೆ ನಡೆದಿರಬೇಕು. "ಫೋನ್ ಮಾಡಿದ್ದು ಯಾರು?"

"ಹೆಂಡ್ತಿ. ಆಮೇಲೆ ನಾನೇ ಮಾಡಿದೆ, ಅವರೂ ಮಾತಾಡಿದ್ರು."

"ಎಲ್ಲಿಂದ ಮಾತಾಡಿದ?"

"ಅಡುಗೆಮನೆ ಇರಬೇಕು, ಕುರ್ಚಿ ಸದ್ದು ಕೇಳಿಸ್ತು. ಹಿಂದೆ ಒಂದು ಯಂತ್ರ ಓಡ್ತಿತ್ತು. ಚುಕ್, ಪುಸ್, ಹಾಗೆ."



"ಅದು ಹಾಲು ಕರೆಯೋ ಯಂತ್ರ," ಅಂದರು ಹಿಲ್ಕಾ. ದನಿಯಲ್ಲಿ ಕೇಕೂ ಇರಲಿಲ್ಲ, ಹಬ್ಬವೂ ಇರಲಿಲ್ಲ. "ಮನೆ, ಕೊಟ್ಟಿಗೆ ಎರಡೂ ಒಂದೇ ಸೂರಿನ ಕೆಳಗಿದೆ ಅಲ್ಲಿ. ಇದು ಸಂಜೆ ಕರಾವಿನ ಹೊತ್ತು. ವೀಬ್ರೆನ್ ಕುರ್ಚೀಲಿ ಕೂತಿದಾನೆ, ಗೇಸ್ಕೆ ಫೋನ್ ಹತ್ರ ಇದಾಳೆ. ಹಾಗಾದ್ರೆ ಹಾಲು ಕರೀತಿರೋದು ಯಾರು?"

"ನನಗೆ..."

"ಇಪ್ಪತ್ತು ವರ್ಷದಿಂದ ಆ ಕೊಟ್ಟಿಗೆಗೆ ಬೇರೆ ಕೈ ಬಿಟ್ಟಿಲ್ಲ ಅವನು. ಪಕ್ಕೆಲುಬು ಮುರಿದಾಗ್ಲೂ ತಾನೇ ಹಾಲು ಕರೆದ. ಕಲ್ಲು ಬಂದಾಗ ಕರೆದು, ಆಮೇಲೆ ವಾಂತಿ ಮಾಡ್ಕೊಂಡು, ಆಮೇಲೆ ನನ್ನ ಹತ್ರ ಬಂದ. ಅವನ ನಾಲ್ಕು ನಂಗೂ ಗೊತ್ತಿಲ್ಲ ಮಾರಾಯ, ನಾನು ಅವನ ನಂಬರ್ ಕೇಳೋದೇ ಇಲ್ಲ. ಕಾರ್ ತಗೊಂಡು ಹೊರಡು."

"ಏನಿರಬಹುದು?"

"ಅದು ಗೊತ್ತಿದ್ರೆ ಹೇಳ್ತಿರ್ಲಿಲ್ವಾ? ಹೊರಡು."

ವೃದ್ಧಾಶ್ರಮಕ್ಕೂ ಕೂಸಿನ ತಾಯಿಗೂ ಹಿತವಾಗಿ ಮಾತಾಡುವ ಕೆಲಸ ಬೌಕ್ಯೆಗೆ ಬಿತ್ತು. ಕೂಸನ್ನು ಕೇಂದ್ರಕ್ಕೇ ಕರೆತರಲು ಹೇಳಿ, ಅಲ್ಲಿದ್ದ ಇನ್ನೊಬ್ಬ ವೈದ್ಯೆಯ ಪಟ್ಟಿಗೆ ಸೇರಿಸಿದಳು. ಚಾಲಕ ಲಮ್ಮರ್ಟ್ ಮಾತು ಬೆಳೆಸದೆ ಕಾರಿನ ಅವಸರದ ಹಸಿರು ದೀಪ ಹಾಕಿದ. ದಾರಿಯುದ್ದಕ್ಕೂ ಕಾಲುವೆ, ಹುಲ್ಲು, ಹುಲ್ಲಿನಲ್ಲಿ ಟಿಟ್ಟಿಭ ಹಕ್ಕಿಗಳು. ಮಾರ್ನಿಕ್ಸ್ ತನ್ನ ತಿಳಿವಳಿಕೆಯನ್ನು ಮತ್ತೊಮ್ಮೆ ಬಿಡಿಸಿ ನೋಡಿದ. ಪಕ್ಕೆನೋವು, ವಾಂತಿ, ಹಳೆಯ ಕಲ್ಲು. ಯಾವುದೂ ಬದಲಾಗಿರಲಿಲ್ಲ. ಬದಲಾಗಿದ್ದು ಒಂದೇ: ಹಸುಗಳ ಬಳಿ ಬೇರೆಯವರು ನಿಂತಿದ್ದಾರೆ ಎಂಬ ಸಂಗತಿ. ಅದಕ್ಕೆ ಯಾವ ಕೋಷ್ಟಕದಲ್ಲೂ ಅಂಕವಿರಲಿಲ್ಲ, ಆದರೆ ಉಳಿದೆಲ್ಲ ಅಂಕಗಳ ತೂಕ ಅದರಿಂದ ಬೇರೆಯಾಗಿತ್ತು.

ವೀಬ್ರೆನ್ ಅಡುಗೆಮನೆಯ ಕುರ್ಚಿಯಲ್ಲಿ ಒಂದು ಪಕ್ಕಕ್ಕೆ ವಾಲಿ ಕೂತಿದ್ದ. ಮರದ ಪಾದರಕ್ಷೆಗಳು ಬಾಗಿಲಲ್ಲಿ ಜೋಡಿಯಾಗಿ ಇದ್ದವು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು, ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಆದರೂ ಕೈ ಮುಂದೆ ಚಾಚಿದ.

"ಲಿಂಬರ್ಗ್ ಮಾತು," ಅಂದ, ಮಾರ್ನಿಕ್ಸ್ ಹೆಸರು ಹೇಳಿದ ಕೂಡಲೇ. "ಅಷ್ಟು ದೂರದಿಂದ ಬರೋಕೆ ಅಂಥಾದ್ದೇನಾಗಿತ್ತು?"

"ಪಟ್ಟಣದಿಂದ ಬಂದೆ ಅಷ್ಟೆ. ಹಾಲು ಯಾರು ಕರೀತಿದಾರೆ?"

"ಡೂವೆ, ಪಕ್ಕದ ಮನೆಯೋನು." ಮುದುಕನ ಮುಖದಲ್ಲಿ ನೋವಿಗಿಂತ ಬೇರೆಯದೊಂದು ಸುಳಿಯಿತು. "ಒರಟು ಕೈ. ಆ ಕರೀ ಹಸ ಒದೀತದೆ ನೋಡ್ತಾ ಇರಿ."

"ಯಾಕೆ ಅವರನ್ನ ಕರೆದ್ರಿ?"

ಉತ್ತರ ಕೊಟ್ಟವಳು ಗೇಸ್ಕೆ. "ನಿಂತ್ಕಳಾಕೇ ಆಗ್ನಿಲ್ಲ ಇವ್ರಿಗೆ," ಅಂದಳು, ಗಂಡನ ಗುಟ್ಟು ಬಿಟ್ಟುಕೊಟ್ಟವಳಂತೆ ನೆಲ ನೋಡುತ್ತ.

ಅವನನ್ನು ಬೆಂಚಿನ ಮೇಲೆ ಮಲಗಿಸಿದರು. ಮಾರ್ನಿಕ್ಸ್ ಎರಡೂ ಕೈಗಳನ್ನು ಒಂದಕ್ಕೊಂದು ಉಜ್ಜಿ ಬೆಚ್ಚಗೆ ಮಾಡಿಕೊಂಡು ಹೊಟ್ಟೆಯ ಮೇಲಿಟ್ಟ. ಹೊಕ್ಕುಳಿನ ಮೇಲ್ಗಡೆ, ಬೆರಳುಗಳ ಅಡಿಯಲ್ಲಿ, ಏನೋ ಒಂದು ಉಬ್ಬಿ ಇಳಿಯುತ್ತಿತ್ತು. ಕೈಗಳನ್ನು ಮೆಲ್ಲಗೆ ದೂರ ಸರಿಸಿದ. ಪ್ರತಿ ಬಡಿತಕ್ಕೂ ಅದು ಎರಡೂ ಕೈಗಳನ್ನು ಹೊರಕ್ಕೆ ತಳ್ಳಿತು. ಕಲ್ಲಲ್ಲ. ಬೆನ್ನಲ್ಲ. ಹೊಟ್ಟೆಯ ದೊಡ್ಡ ರಕ್ತನಾಳ ಊದಿಕೊಂಡು, ಎಲ್ಲೋ ಒಂದು ಕಡೆ ಸೋರಲು ಶುರುವಾಗಿತ್ತು. ಒಡೆದರೆ ಮುಗಿಯಿತು.

ಲಮ್ಮರ್ಟ್ ಆಗಲೇ ಆಂಬುಲೆನ್ಸಿಗೆ ಫೋನು ಮಾಡುತ್ತಿದ್ದ. ಮಾರ್ನಿಕ್ಸ್ ಲೇವಾರ್ಡನ್‌ನ ದೊಡ್ಡಾಸ್ಪತ್ರೆಯ ಶಸ್ತ್ರಚಿಕಿತ್ಸಕರೊಂದಿಗೆ ಮಾತಾಡಿ, ಬೆಂಚಿನ ಪಕ್ಕ ಮಂಡಿಯೂರಿ ಕೂತ. ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ವೀಬ್ರೆನ್ ಸೂರಿನ ತೊಲೆಯನ್ನು ನೋಡುತ್ತ ಮಲಗಿದ್ದ. "ಸಾಯ್ತೀನಾ?"

"ಸಾಯಬಹುದು. ಬೇಗ ಹೋದ್ರೆ ಬದುಕಬಹುದು."

"ಸರಿ." ಹೆಂಡತಿಯ ಕಡೆ ತಿರುಗಿ, "ಗೇಸ್ಕೆ, ಡೂವೆಗೆ ಯೋಳು. ಕರೀ ಹಸಿನ ತಾವ ಹೋಗೋಕೆ ಮುಂಚೆ ಅದ್ರ ಕುಟೆ ಮಾತಾಡ್ಬೇಕು. ಸುಮ್ನೆ ಕೈ ಹಾಕುದ್ರೆ ಆಗಕಿಲ್ಲ."

ಕೊಟ್ಟಿಗೆಯಲ್ಲಿ ಯಂತ್ರ ತನ್ನ ತಾಳವನ್ನು ಬಿಟ್ಟಿರಲಿಲ್ಲ. ಆಂಬುಲೆನ್ಸ್ ಅಂಗಳ ದಾಟಿ ಹೋದಮೇಲೂ ಅದು ಕೇಳಿಸುತ್ತಲೇ ಇತ್ತು.

ಕೇಂದ್ರಕ್ಕೆ ಬಂದು ಮಾರ್ನಿಕ್ಸ್ ವಿವರ ಬರೆದು ಹಿಲ್ಕಾಗೆ ಕಳಿಸಿದ. ಪರದೆ 'ಮುಕ್ತಾಯ' ಎಂದಿತು. ಪ್ರತಿ ರೋಗಿಗೂ ಹಾಗೆಯೇ ಎನ್ನುತ್ತಿತ್ತು. ವೃದ್ಧಾಶ್ರಮದ ಹೆಂಗಸಿನ ಸೊಂಟ ಮುರಿದಿರಲಿಲ್ಲ, ಕೂಸಿನ ಜ್ವರ ಇಳಿದಿತ್ತು. ಆ ಸಂಜೆ, ಮರುದಿನ, ಅವನು ಮತ್ತೆ ಮತ್ತೆ ಹೊಟ್ಟೆಯ ಆ ಬಡಿತವನ್ನು ಬೆರಳಿನ ತುದಿಯಲ್ಲಿ ಕಂಡುಕೊಂಡ. ಆಸ್ಪತ್ರೆಗೆ ಫೋನು ಮಾಡಿ ಕೇಳಬಹುದಿತ್ತು. ಕೇಳಲು ತಾನು ಯಾರು ಎನ್ನಿಸಿ ಮಾಡಲಿಲ್ಲ.

ಮಂಗಳವಾರ ಹಿಲ್ಕಾ ಅವರೇ ಫೋನು ಮಾಡಿದರು.

"ಬದುಕಿದಾನೆ," ಅಂದರು, ಯಾರೆಂದು ಹೇಳದೆ. "ಆಪರೇಷನ್ ಮೇಜಿನ ಮೇಲೆ ಒಂದ್ಸಲ ಜೀವ ಬಿಡ್ತಾನೆ ಅಂದ್ಕೊಂಡ್ರಂತೆ. ಬಿಡ್ಲಿಲ್ಲ."

ಮಾರ್ನಿಕ್ಸ್ ಕೂತುಕೊಂಡ. "ನೀವು ಆ ಪ್ರಶ್ನೆ ಕೇಳದೆ ಇದ್ದಿದ್ರೆ..."

"ನಿಲ್ಲಿಸು. ಇನ್ನೊಂದು ಮಾತಿದೆ, ಅದನ್ನ ಹೇಳೋಕೇ ಮಾಡಿದ್ದು. ಹೋದ ಚಳಿಗಾಲದಲ್ಲಿ ಬೆನ್ನುನೋವು ಅಂತ ಬಂದಿದ್ದ. ಅವನು ಡಾಕ್ಟರ್ ಹತ್ರ ಬರೋದೇ ಒಂದು ಸುದ್ದಿ, ಅದು ನಂಗೆ ಗೊತ್ತಿರಬೇಕಿತ್ತು. ಆದ್ರೆ ಅವನ ಬೆನ್ನು ಇಪ್ಪತ್ತು ವರ್ಷದಿಂದ ಗೊತ್ತು ನಂಗೆ. ಅದೇ ಬೆನ್ನು, ಅದೇ ರೈತ. ಹೊಟ್ಟೆ ಮೇಲೆ ಕೈ ಇಡಲೇ ಇಲ್ಲ." ಅವರು ಉಸಿರೆಳೆದುಕೊಂಡರು. "ನೀನು ಇಟ್ಟೆ. ಯಾಕಂದ್ರೆ ನಿಂಗೆ ಅವನು ಗೊತ್ತಿರ್ಲಿಲ್ಲ."

ಅವರು ಹೇಳಿದ್ದು ನಿಜವಾಗಿತ್ತು, ಮಾರ್ನಿಕ್ಸ್ ಹೇಳಹೊರಟದ್ದೂ ನಿಜವಾಗಿತ್ತು. ಒಬ್ಬ ಮನುಷ್ಯನನ್ನು ದೀರ್ಘಕಾಲ ನೋಡುತ್ತ ಬಂದವರಿಗೆ ಅವನ ಕುರ್ಚಿ ಯಾವ ಹೊತ್ತಿಗೆ ಖಾಲಿ ಇರಬೇಕೆಂದು ಗೊತ್ತಿರುತ್ತದೆ. ಅದೇ ಪರಿಚಯ ಅವನ ಮೈಮೇಲೆ ಒಂದು ಹೊದಿಕೆಯನ್ನೂ ಹೊದಿಸುತ್ತದೆ. ಪರಿಚಿತರದು, ಅಪರಿಚಿತರದು, ಎರಡೂ ಕಣ್ಣುಗಳು ಬೇಕಿದ್ದವು. ಅವೆರಡರ ನಡುವೆ ಒಂದು ಫೋನು ಮಾತ್ರ ಇತ್ತು, ಅದನ್ನು ಎತ್ತಿಕೊಳ್ಳದೆ ಇರುವುದು ಎಷ್ಟು ಸುಲಭವಾಗಿತ್ತು ಎಂಬುದು ಅವನಿಗೆ ನೆನಪಾಯಿತು.

"ಇನ್ಮೇಲೆ ಭಾನುವಾರ ನಿಮಗೆ ಫೋನ್ ಮಾಡಬಹುದಾ?" ಎಂದು ಕೇಳಿದ.

"ಪ್ರತಿ ವಾರ ಅಲ್ಲ. ಆಟ ನಡೀವಾಗ ಅಲ್ಲ," ಅಂದರು ಹಿಲ್ಕಾ. ಆಮೇಲೆ, "ಮಾಡು. ಬೈತೀನಿ. ಆದ್ರೂ ಮಾಡು."

ಆಮೇಲಿನ ಪಾಳಿಗಳಲ್ಲಿ ಮಾರ್ನಿಕ್ಸ್ ಹೊಸದೊಂದು ಪ್ರಶ್ನೆ ಕೇಳತೊಡಗಿದ. ನೋವಿನ ಅಂಕ ಬರೆದುಕೊಂಡಾದ ಮೇಲೆ, "ಈ ಹೊತ್ತಿಗೆ ಸಾಮಾನ್ಯವಾಗಿ ಏನು ಮಾಡ್ತಿರ್ತೀರಿ?" ಎನ್ನುತ್ತಿದ್ದ. ಹಲವು ಸಲ ಅದರಿಂದ ಏನೂ ಸಿಗುತ್ತಿರಲಿಲ್ಲ. ಒಬ್ಬ, "ನಿಮಗ್ಯಾಕೆ?" ಅಂದ. ಬೌಕ್ಯೆ ಮೊದಮೊದಲು ನಗುತ್ತಿದ್ದಳು. ಒಂದು ದಿನ ಅವಳೇ ಯಾರನ್ನೋ ಹಾಗೆ ಕೇಳುತ್ತಿರುವುದು ಅವನ ಕಿವಿಗೆ ಬಿತ್ತು.

ಬೇಸಿಗೆಯ ಕೊನೆಯಲ್ಲಿ, ಪಾಳಿಯಿಲ್ಲದ ಒಂದು ಶನಿವಾರ, ಅವನು ಒಡ್ಡಿನ ಕಡೆಗೆ ಕಾರು ತಿರುಗಿಸಿದ. ಹೋಗುತ್ತಿರುವುದು ಡಾಕ್ಟರಾಗಿಯೋ ಬೇರೇನಾಗಿಯೋ ಎಂಬುದು ಅವನಿಗೇ ಸ್ಪಷ್ಟವಿರಲಿಲ್ಲ. ಅಡುಗೆಮನೆಯ ಕುರ್ಚಿ ಖಾಲಿ ಇತ್ತು. ಗೇಸ್ಕೆ ಏನೂ ಕೇಳದೆ ಕೊಟ್ಟಿಗೆಯ ಬಾಗಿಲನ್ನು ಕಣ್ಣಿನಲ್ಲೇ ತೋರಿಸಿದಳು.

ವೀಬ್ರೆನ್ ಕರೀ ಹಸುವಿನ ಪಕ್ಕ ನಿಂತಿದ್ದ. ಅಂಗಿ ಮೊದಲಿಗಿಂತ ಸಡಿಲವಾಗಿತ್ತು. ಒಂದು ಕೈ ಹಸುವಿನ ಬೆನ್ನ ಮೇಲಿತ್ತು. ಅದು ಹಸುವಿಗೆ ಆಸರೆಯೋ, ಹಸು ಅವನಿಗೆ ಆಸರೆಯೋ ಹೇಳುವಂತಿರಲಿಲ್ಲ. ಡೂವೆ ಆಚೆ ಸಾಲಿನಲ್ಲಿ ಯಂತ್ರ ಎತ್ತಿಡುತ್ತಿದ್ದ.

"ಓ, ಲಿಂಬರ್ಗ್," ಅಂದ ಮುದುಕ. "ಹಾಲು ಯಾರು ಕರೀತಾವ್ರೆ ಅಂತ ನೋಡಾಕೆ ಬಂದ್ರಾ?"

"ಹೌದು. ಅದು ಡಾಕ್ಟರ್ ವಿಯಾರ್ದಾ ಕೇಳಿದ ಪ್ರಶ್ನೆ."

"ಆಯಮ್ಮನ್ನ ಕೇಳ್ದೋರು ನೀವಲ್ವಾ?"

"ನೋವು ಇದೆಯಾ?"

"ಅದೆ."

"ಎಷ್ಟು?"

ವೀಬ್ರೆನ್ ಯೋಚಿಸಿದ. "ನಾಕು," ಅಂದ.

ಮಾರ್ನಿಕ್ಸ್ ಅವನ ಕಾಲುಗಳನ್ನು ನೋಡಿದ. ಮರದ ಪಾದರಕ್ಷೆಗಳು ಕಾಲಲ್ಲಿದ್ದವು, ಎರಡೂ ನೆಲಕ್ಕೆ ಗಟ್ಟಿಯಾಗಿ ಊರಿದ್ದವು.

"ಭಾರ ಎತ್ಬಾರ್ದು ಅಂದವ್ರೆ ಆಸ್ಪತ್ರೆಯೋರು," ಅಂದ ಮುದುಕ, ನೆಲದ ಮೇಲಿದ್ದ, ಕೆಚ್ಚಲಿಗೆ ತೊಡಿಸುವ ಯಂತ್ರದ ಕೊಳವೆಗಳನ್ನು ಗದ್ದದಿಂದ ತೋರಿಸುತ್ತ. "ಡೂವೆನ ಈ ಹಸ ತಾವ ಸೇರ್ಸಾಕಿಲ್ಲ. ತಗಳಿ. ಮೊದ್ಲು ಅದ್ರ ಕುಟೆ ಮಾತಾಡಿ."

ಮಾರ್ನಿಕ್ಸ್ ತೋಳು ಮಡಚಿಕೊಂಡ. ಹಸು ಕುತ್ತಿಗೆ ತಿರುಗಿಸಿ, ಹೊಸ ಮನುಷ್ಯನನ್ನು ಒಮ್ಮೆ ಪೂರ್ತಿಯಾಗಿ ನೋಡಿತು.

"ಏನಂತ ಮಾತಾಡ್ಲಿ?"

"ಯೋಗಕ್ಷೇಮ ಕೇಳಿ," ಅಂದ ವೀಬ್ರೆನ್. "ನಂಬರ್ ಮಾತ್ರ ಕೇಳ್ಬ್ಯಾಡಿ."